ಹಳೇ ಎಂಜಿಬಿ ಕಾರಿಗೆ ಹೊಸ ವೈರಿಂಗ್ ಹಾರ್ನೆಸ್ ಹಾಕಿಸಬೇಕೇ?

ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿನುಗುವುದು ನಿಲ್ಲುತ್ತದೆ, ಹಿಂದಿನ ಲೈಟು ಮಂಕು, ಆದರೆ ಮೀಟರ್ ಇಟ್ಟಲ್ಲೆಲ್ಲ 12 ವೋಲ್ಟ್ ತೋರಿಸುತ್ತದೆ. ಹಾಗಾಗಿ ಹಾರ್ನೆಸ್ಸೇ (ಕಾರಿನ ವೈರುಗಳ ಇಡೀ ಕಟ್ಟು) ಹೋಗಿರಬೇಕು, ಬದಲಿಸಲೇ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ.

ನನ್ನದು 1965ರ ಎಂಜಿಬಿ, ಬ್ರಿಟನ್ನಿನ ಹಳೇ ಸ್ಪೋರ್ಟ್ಸ್ ಕಾರು. ಕಾರಿನ ಮೈಗೆ ಹೊಸ ಪೇಂಟ್ ಹೊಡೆಸಿಕೊಂಡು ಬಂದ ಮೇಲೆ ಥೇಟ್ ಇದೇ ತೊಂದರೆ ಶುರುವಾಯಿತು. ಹಿಂದಿನ ಲ್ಯಾಂಪಿನ ಬಲ್ಬ್ ತೆಗೆದು ಹೋಲ್ಡರ್‌ಗೆ ಮೀಟರ್ ಹಿಡಿದೆ, 12 ವೋಲ್ಟ್ ಬಂತು. ಮೀಟರನ್ನು ಬೀಪ್ ಮೋಡ್‌ಗೆ ಹಾಕಿ ಅರ್ತಿಂಗ್ (ಕಾರಿನ ಲೋಹದ ಬಾಡಿ ಮೂಲಕ ಕರೆಂಟ್ ಬ್ಯಾಟರಿಗೆ ಮರಳುವ ದಾರಿ) ನೋಡಿದೆ, ಬೀಪ್ ಅಂತು. ಕರೆಂಟ್ ಬರುತ್ತಿದೆ, ಅರ್ತಿಂಗೂ ಇದೆ, ಇನ್ನುಳಿದದ್ದು ಹಾರ್ನೆಸ್ ಒಂದೇ ಅಂದುಕೊಂಡೆ. ಹೊಸದನ್ನು ತರಿಸಿ, ಡ್ಯಾಶ್‌ಬೋರ್ಡ್ ಬಿಚ್ಚಿ, ಕಾರ್ಪೆಟ್ ಎತ್ತಿ, ಎಲ್ಲ ವೈರೂ ಬದಲಿಸಿದೆ. ಕೀ ತಿರುಗಿಸಿ ಬ್ರೇಕ್ ಒತ್ತಿದರೆ ಮತ್ತದೇ ಕಥೆ!

ನಾನು ತಪ್ಪಿದ್ದು ಎಲ್ಲಿ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಈಗ ಅಲ್ಲೇ ನಿಂತಿದ್ದೀರಿ. ಮೀಟರ್ ತನಗಾಗಿ ಎಳೆದುಕೊಳ್ಳುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ, ಜಾಯಿಂಟ್ ತುಕ್ಕು ಹಿಡಿದಿದ್ದರೂ ಅದು 12 ಅಂತಲೇ ತೋರಿಸುತ್ತದೆ. ಬಲ್ಬಿನ ಮಾತು ಬೇರೆ. 21 ವ್ಯಾಟ್ ಬಲ್ಬಿಗೆ ಹತ್ತಿರ ಹತ್ತಿರ 1.75 ಆಂಪಿಯರ್ ಬೇಕು. ಉರಿಯುವಾಗ ಅದರ ರೆಸಿಸ್ಟೆನ್ಸ್ ಸುಮಾರು 7 ಓಮ್. ಅರ್ತಿಂಗ್ ಜಾಯಿಂಟಿನಲ್ಲಿ ಬರೀ 2 ಓಮ್ ಇದ್ದರೂ ಎರಡೂವರೆ ವೋಲ್ಟ್‌ಗಿಂತ ಜಾಸ್ತಿ ಅಲ್ಲೇ ಸೋರಿಹೋಗುತ್ತದೆ. ಅದೇ ಜಾಯಿಂಟಿನ ಮೂಲಕ ಬ್ರೇಕ್ ಬಲ್ಬೂ ಇಂಡಿಕೇಟರ್ ಬಲ್ಬೂ ಒಟ್ಟಿಗೆ ಉರಿದರೆ 4 ವೋಲ್ಟ್ ದಾಟುತ್ತದೆ. ಇಂಡಿಕೇಟರನ್ನು ಮಿನುಗಿಸುವ ಹಳೇ ಫ್ಲ್ಯಾಶರ್ ಕೆಲಸ ಮಾಡುವುದೇ ಬಲ್ಬ್ ಎಳೆಯುವ ಕರೆಂಟಿನ ಬಿಸಿಯಿಂದ, ಕರೆಂಟ್ ಇಳಿದರೆ ಅದು ಸುಮ್ನೆ ನಿಂತುಬಿಡುತ್ತದೆ. ಇನ್ನು ಆ ಬೀಪ್? 2 ಓಮ್‌ಗೆ ಯಾವ ಮೀಟರಾದರೂ ಖುಷಿಯಾಗಿ ಬೀಪ್ ಅನ್ನುತ್ತದೆ.

ಕೊನೆಗೆ ಒಂದು ರಾತ್ರಿ ಲ್ಯಾಂಪಿನ ಗಾಜು ಬಿಚ್ಚಿ, ಬೇರೆಯವರಿಂದ ಬ್ರೇಕ್ ಒತ್ತಿಸಿ, ಹತ್ತಿರದಿಂದ ನೋಡಿದೆ. ದಪ್ಪ ಫಿಲಮೆಂಟ್ ಹಳದಿಯಾಗಿ, ಸೋಮಾರಿಯಂತೆ ಉರಿಯುತ್ತಿತ್ತು. ಅದರ ಪಕ್ಕದ 5 ವ್ಯಾಟಿನ ತೆಳು ಫಿಲಮೆಂಟ್, ಲೈಟ್ ಸ್ವಿಚ್ ಆಫ್ ಇದ್ದರೂ, ಕೆಂಡದ ಹಾಗೆ ಸಣ್ಣಗೆ ಕೆಂಪಾಗಿತ್ತು. ಅರ್ತಿಂಗ್‌ಗೆ ಸರಿಯಾದ ದಾರಿ ಸಿಗದೆ ಕರೆಂಟ್ ಆ ಫಿಲಮೆಂಟಿನ ಮೂಲಕ ಸುತ್ತು ಹಾಕಿಕೊಂಡು ಹೋಗುತ್ತಿತ್ತು. ಡಿಕ್ಕಿಯೊಳಗೆ ಕಪ್ಪು ವೈರನ್ನು ಬಾಡಿಗೆ ಬಿಗಿದ ಸ್ಕ್ರೂ ಬಿಚ್ಚಿದರೆ ಅದರಡಿ ಹೊಳೆಯುವ ಹೊಸ ಪೇಂಟ್! ಹೊಸ ಹಾರ್ನೆಸ್ಸನ್ನೂ ನಾನು ಅದೇ ಪೇಂಟಿನ ಮೇಲೆ ಬಿಗಿದಿದ್ದೆ. ಸ್ಯಾಂಡ್‌ಪೇಪರ್‌ನಲ್ಲಿ ಲೋಹ ಕಾಣುವ ತನಕ ಉಜ್ಜಿ, ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲೀನ್ ಸವರಿದೆ. ರೋಗ ವಾಸಿಯಾಯಿತು.

ಆದ್ದರಿಂದ ನೀವು ಬಲ್ಬ್ ಉರಿಯುತ್ತಿರುವಾಗಲೇ ಅಳೆಯಿರಿ. ಬ್ರೇಕ್ ಒತ್ತಿಸಿಕೊಂಡು, ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಅರ್ತಿಂಗ್ ಕಂಬಕ್ಕೆ, ಇನ್ನೊಂದನ್ನು ಬಲ್ಬ್ ಹೋಲ್ಡರಿನ ಲೋಹಕ್ಕೆ ಹಿಡಿಯಿರಿ. ಕಾಲು ವೋಲ್ಟ್ ದಾಟಿತೋ, ಕಳ್ಳ ಅರ್ತಿಂಗ್ ಕಡೆಯೇ ಇದ್ದಾನೆ. ದಾಟದಿದ್ದರೆ ವೈರುಗಳನ್ನು ಒಂದಕ್ಕೊಂದು ಜೋಡಿಸುವ ಬುಲೆಟ್ ಕನೆಕ್ಟರ್‌ಗಳನ್ನು ಒಂದೊಂದಾಗಿ ಎಳೆದು ನೋಡಿ. ರಬ್ಬರ್ ತೋಳಿನೊಳಗೆ ಹಸಿರು ಕಿಲುಬು ಇರುತ್ತದೆ. ಇಂಜಿನ್ ಮತ್ತು ಬಾಡಿ ನಡುವಿನ ದಪ್ಪ ಪಟ್ಟಿಯನ್ನೂ ನೋಡಿ. ಅದು ಕಡಿದಿದ್ದರೆ ಸ್ಟಾರ್ಟರಿನ ಕರೆಂಟ್ ಚೋಕ್ ಕೇಬಲಿನಲ್ಲಿ ಹರಿದು ಅದು ಹೊಗೆಯಾಡಬಹುದು.

ಈ ಕಾರುಗಳ ಎಲೆಕ್ಟ್ರಿಕಲ್ ಭಾಗ ಮಾಡಿದ ಬ್ರಿಟಿಷ್ ಕಂಪನಿ ಲೂಕಾಸ್‌ನ ವೈರಿಂಗೇ ಕೆಟ್ಟದ್ದು ಅಂತ ನಿಮಗೆ ಯಾರೋ ಹೇಳಿದ್ದಾರಲ್ಲ, ನಾನು ಒಪ್ಪುವುದಿಲ್ಲ. ಬಣ್ಣ ನೋಡಿದರೆ ಸಾಕು, ವೈರ್ ತಾನೇ ಮಾತಾಡುತ್ತದೆ. ಕಂದು ಬ್ಯಾಟರಿಯಿಂದ ಸದಾ ಜೀವಂತ. ಬಿಳಿ ಜೀವಂತವಾಗುವುದು ಕೀ ತಿರುಗಿಸಿದ ಮೇಲೆ. ಹಸಿರು ಅದೇ ಕರೆಂಟ್, ಆದರೆ ಫ್ಯೂಸ್ ದಾಟಿ ಬಂದದ್ದು, ಬ್ರೇಕ್ ಲೈಟು ಮತ್ತು ಇಂಡಿಕೇಟರ್ ಎರಡೂ ಇದರ ಮೇಲೇ. ನೇರಳೆ ಹಾರ್ನ್‌ಗೆ, ಕೆಂಪು ಪಾರ್ಕಿಂಗ್ ಲೈಟಿಗೆ, ನೀಲಿ ಹೆಡ್‌ಲೈಟಿಗೆ, ಕಪ್ಪು ಅರ್ತಿಂಗ್. ಇಷ್ಟು ಚೊಕ್ಕವಾದ ವೈರಿಂಗನ್ನು ಕಿತ್ತೆಸೆಯಲು ಮನಸ್ಸು ಹೇಗೆ ಬರುತ್ತದೆ? ಬಗ್ಗಿಸಿದರೆ ವೈರಿನ ಹೊದಿಕೆ ಒಡೆದು ಉದುರುತ್ತಿದ್ದರೆ, ಅಥವಾ ಕಂದು ವೈರ್ ಸುಟ್ಟಿದ್ದರೆ ಮಾತ್ರ ಹೊಸ ಹಾರ್ನೆಸ್ ತನ್ನಿ.

ಸ್ಕ್ರೂಗಳಿಗೆ ಕೈ ಹಾಕುವ ಮೊದಲು ಬ್ಯಾಟರಿಯ ಅರ್ತಿಂಗ್ ಕಡೆಯ ಟರ್ಮಿನಲ್ ಬಿಚ್ಚಿಡಿ. ನಿಮ್ಮದು 1967ಕ್ಕಿಂತ ಹಳೆಯದಾಗಿದ್ದು ಯಾರೂ ಬದಲಿಸಿರದಿದ್ದರೆ ಅದು ಪ್ಲಸ್ ಕಡೆ, ಮೈನಸ್ ಅಲ್ಲ.