ಹಳೆಯ ಚರ್ಚಿನೊಳಗೆ ಸಾರುವೆ: ಗೋಡೆಗೆ ತೂತು ಹೊಡೆಯಲು ಬಿಡಬೇಡಿ

ನಿಮ್ಮ ಪ್ರಶ್ನೆ ಇದು: ಬೆಂಗಳೂರಿನ ದಂಡು ಪ್ರದೇಶದಲ್ಲಿ ನಿಮ್ಮದು ನೂರು ವರ್ಷ ದಾಟಿದ ಚರ್ಚು. ಚಾವಣಿಯಿಂದ ಗಾರೆ ಉದುರುತ್ತಿದೆ. ಸರ್ವೆ ಕಂಬ ಕಟ್ಟಿ, ಗೋಡೆಯಲ್ಲಿ ಅಲ್ಲಲ್ಲಿ ತೂತು ಮಾಡಿ ಸಾರುವೆ (ಎತ್ತರದ ಕೆಲಸಕ್ಕೆ ಕಟ್ಟುವ ಅಟ್ಟಣೆ) ನಿಲ್ಲಿಸಿದರೆ ಖರ್ಚು ಕಡಿಮೆ ಎಂದು ಗುತ್ತಿಗೆದಾರರು ಹೇಳಿದ್ದಾರೆ. ಇದಕ್ಕೆ ಒಪ್ಪಬಹುದಾ, ಕೆಲಸ ಮುಗಿಯುವ ತನಕ ಭಾನುವಾರದ ಆರಾಧನೆ ನಿಲ್ಲಿಸಬೇಕಾ ಎಂದು ಕೇಳಿದ್ದೀರಿ.

ಒಪ್ಪಬೇಡಿ. ಆರಾಧನೆಯನ್ನು ಬಹುಶಃ ನಿಲ್ಲಿಸಬೇಕಾಗಿಲ್ಲ.

ನಾನು ಹಳೆಯ ಕಟ್ಟಡಗಳ ಗಾರೆ ಕೆಲಸ ನೋಡಿಕೊಳ್ಳುವ ಸೈಟ್ ಎಂಜಿನಿಯರ್. ಚಾವಣಿಗೆ ಯಾವ ಸುಣ್ಣ, ಯಾವ ಮರಳು ಎಂದು ಎಲ್ಲರೂ ಗಂಟೆಗಟ್ಟಲೆ ಮಾತಾಡುತ್ತಾರೆ. ಸಾರುವೆ ಮಾತ್ರ ಬಾಡಿಗೆ ಅಂಗಡಿಯವರ ಪಾಲಿಗೆ ಬಿಟ್ಟುಬಿಡುತ್ತಾರೆ. ಆದರೆ ಹಳೆಯ ಕಟ್ಟಡಕ್ಕೆ ಮೊದಲ ಪೆಟ್ಟು ಬೀಳುವುದೇ ಸಾರುವೆ ಕಟ್ಟುವಾಗ.

ಸರ್ವೆ ಕಂಬದ ಕೆಲಸಗಾರರ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಮನೆಯ ಹೊರಗೋಡೆಗೆ ಬಣ್ಣ ಬಳಿಯಲು ಅದು ಸಾಕು. ತೊಂದರೆ ಇರುವುದು ಅದನ್ನು ಕಟ್ಟುವ ಕ್ರಮದಲ್ಲಿ. ಸಾಮಾನ್ಯವಾಗಿ ಒಂದೇ ಸಾಲು ಕಂಬ ನಿಲ್ಲಿಸುತ್ತಾರೆ. ಅಡ್ಡಗಂಬದ ಒಂದು ತುದಿ ಆ ಕಂಬಕ್ಕೆ, ಇನ್ನೊಂದು ತುದಿ ಗೋಡೆಯ ತೂತಿಗೆ. ಅಂದರೆ ಅರ್ಧ ಭಾರ ಹೊರುವುದು ನಿಮ್ಮ ಗೋಡೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆ ಮೃದು. ಸುತ್ತಿಗೆ ಪೆಟ್ಟಿಗೆ ತೂತಿನ ಸುತ್ತ ಗಾರೆ ಪೊಳ್ಳಾಗುತ್ತದೆ. ಆಮೇಲೆ ಸಿಮೆಂಟಿನಿಂದ ಮುಚ್ಚಿದರೆ ಅಲ್ಲಿ ತೇವ ಹೊರಬರಲು ದಾರಿ ಸಿಗದೆ, ಪಕ್ಕದ ಹಳೆಯ ಗಾರೆ ಉಬ್ಬಿ ಉದುರುತ್ತದೆ. ಒಂದು ರಿಪೇರಿ ಮಾಡಲು ಹೋಗಿ ಗೋಡೆಯುದ್ದಕ್ಕೂ ಹತ್ತಾರು ಹೊಸ ಗಾಯ. ಜೊತೆಗೆ ಹಗ್ಗದ ಕಟ್ಟು ತಿಂಗಳುಗಟ್ಟಲೆ ಬಿಗಿಯಾಗಿ ಇರುವುದಿಲ್ಲ. ಚರ್ಚಿನ ತುಂಬ ಒಣ ಮರ ನಿಂತಿದ್ದರೆ ಬೆಂಕಿಯ ಭಯ ಬೇರೆ.

ಈ ತೂತಿನ ಜಗಳ ಹೊಸದೇನಲ್ಲ. ರೋಮಿನ ಸಿಸ್ಟೀನ್ ಚಾಪೆಲ್ ಚಾವಣಿಗೆ 1508ರಲ್ಲಿ ಕಲಾವಿದ ಮೈಕೆಲ್ಯಾಂಜೆಲೊ ಚಿತ್ರ ಬರೆಯಲು ಹೊರಟಾಗ, ಚಾವಣಿಯಲ್ಲೇ ತೂತು ಕೊರೆದು ಹಗ್ಗದಲ್ಲಿ ಸಾರುವೆ ಇಳಿಬಿಡೋಣ ಎಂದು ವಾಸ್ತುಶಿಲ್ಪಿ ಬ್ರಮಾಂಟೆ ಸೂಚಿಸಿದ್ದ. ಕೆಲಸ ಮುಗಿದ ಮೇಲೆ ಆ ತೂತು ಮುಚ್ಚುವುದು ಹೇಗೆ ಎಂದು ಮೈಕೆಲ್ಯಾಂಜೆಲೊ ಕೇಳಿದನಂತೆ. ಅವನು ಕಿಟಕಿಗಳ ಮೇಲ್ಭಾಗದ ಹತ್ತಿರ ಗೋಡೆಯ ತೂತುಗಳಿಗೆ ಸಿಕ್ಕಿಸಿ ಹೊರಚಾಚಿದ ಸಾರುವೆ ಮಾಡಿಸಿಕೊಂಡ. ನೆಲ ಖಾಲಿ ಉಳಿಯಿತು, ಕೆಳಗೆ ಪೂಜೆ ನಡೆಯಿತು. 1980ರಲ್ಲಿ ಆ ಚಿತ್ರಗಳನ್ನು ಶುಚಿಗೊಳಿಸಲು ಹೊರಟವರು ಹೊಸ ತೂತು ಹೊಡೆಯದೆ ಅವನ ಕಾಲದ ತೂತುಗಳನ್ನೇ ಬಳಸಿಕೊಂಡರು. ನಿಮ್ಮ ಗೋಡೆಗಳನ್ನೂ ಒಮ್ಮೆ ತಟ್ಟಿ ನೋಡಿ. ಕಟ್ಟುವಾಗ ಬಿಟ್ಟ ಹಳೆಯ ತೂತುಗಳು ಮುಚ್ಚಿಕೊಂಡಿರಬಹುದು. ಸಿಕ್ಕಿದರೆ ಗುರುತು ಹಾಕಿಡಿ. ಎಂಜಿನಿಯರ್ ಒಪ್ಪದೆ ಅವುಗಳ ಮೇಲೆ ಭಾರ ಹಾಕಬೇಡಿ.

ನಿಮಗೆ ಬೇಕಾದದ್ದು ತನ್ನ ಕಾಲ ಮೇಲೆ ತಾನೇ ನಿಲ್ಲುವ ಕಬ್ಬಿಣದ ಪೈಪ್ ಸಾರುವೆ. ಗೋಡೆಯಿಂದ ಗೋಡೆಗೆ ಪಂಜರದ ಹಾಗೆ ಕಟ್ಟಿ, ಚಾವಣಿಯಿಂದ ಆಳೆತ್ತರ ಕೆಳಗೆ ಪೂರ್ತಿ ಹಲಗೆ ಹಾಸುವುದು. ಬೆಂಗಳೂರಿನ ಸೆಂಟ್ರಿಂಗ್ ಸಾಮಾನಿನ ಅಂಗಡಿಗಳಲ್ಲಿ ಕಪ್‌ಲಾಕ್ ಪೈಪು (ಬಟ್ಟಲಿನಂಥ ಕೊಂಡಿಯಲ್ಲಿ ಒಂದಕ್ಕೊಂದು ಸಿಕ್ಕಿಸುವ ಪೈಪು) ಸುಲಭವಾಗಿ ಸಿಗುತ್ತದೆ. ಪೈಪಿನ ಹೊರ ವ್ಯಾಸ 48.3 ಮಿ.ಮೀ. ತುಕ್ಕು ಹಿಡಿದದ್ದು, ಬಾಗಿದ್ದು, ಸಿಮೆಂಟ್ ಮೆತ್ತಿದ್ದು ಬಂದರೆ ಲಾರಿಯಿಂದ ಇಳಿಸಲೇ ಬೇಡಿ. ಸಾರುವೆ ಅಲುಗದಂತೆ ಗೋಡೆಗೆ ಆನಿಸಬೇಕಾಗುತ್ತದೆ ನಿಜ. ಅದಕ್ಕೆ ಬೋಲ್ಟ್ ಬೇಡ. ಅಡ್ಡ ಪೈಪಿನ ತುದಿಗೆ ತಿರುಗಿಸಿ ಉದ್ದ ಮಾಡುವ ಜಾಕ್ ಹಾಕಿ, ಮಧ್ಯೆ ಪ್ಲೈವುಡ್ ಮತ್ತು ದಪ್ಪ ಫೋಮ್ ಇಟ್ಟು, ಎರಡೂ ಕಡೆಯ ಗೋಡೆಗೆ ಮೆಲ್ಲಗೆ ಒತ್ತಿ ನಿಲ್ಲಿಸಬಹುದು. ಗಾರೆ ಪೊಳ್ಳಾದ ಕಡೆ, ಬಣ್ಣದ ಗಾಜಿನ ಕಿಟಕಿಯ ಚೌಕಟ್ಟು, ಸ್ಮಾರಕ ಫಲಕ, ಇವುಗಳಿಗೆ ಮಾತ್ರ ಏನೂ ತಾಗಬಾರದು.

ಈಗ ನೆಲ. ಇಲ್ಲಿ ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಸಾರುವೆಯ ಕಾಲಿನಿಂದ ಕಾಲಿಗೆ ಎರಡೂ ದಿಕ್ಕಿನಲ್ಲಿ 1.8 ಮೀಟರ್ ಅಂತರ ಇಟ್ಟರೆ, ಮಧ್ಯದ ಪ್ರತಿ ಕಾಲಿನ ಪಾಲಿಗೆ ಸುಮಾರು 3.2 ಚದರ ಮೀಟರ್ ಹಲಗೆ ಬರುತ್ತದೆ. ಹಗುರ ಕೆಲಸಕ್ಕೆ ಚದರ ಮೀಟರಿಗೆ 150 ಕೆ.ಜಿ. ಹಿಡಿದರೂ ಒಂದು ಕಾಲಿಗೆ 490 ಕೆ.ಜಿ. ಹತ್ತಿರ ಆಯಿತು. ಪೈಪು, ಹಲಗೆಯ ತೂಕ ಬೇರೆ. ಇಷ್ಟೂ ಭಾರ ಅಂಗೈಗಿಂತ ಸ್ವಲ್ಪ ದೊಡ್ಡ ಬೇಸ್ ಪ್ಲೇಟ್ (ಕಾಲಿನ ಬುಡದ ಕಬ್ಬಿಣದ ತಟ್ಟೆ) ಮೇಲೆ ಕೂರುತ್ತದೆ. ಹಳೆಯ ಚರ್ಚುಗಳ ನೆಲದಲ್ಲಿ ಸಮಾಧಿ ಕಲ್ಲುಗಳಿರಬಹುದು, ಅವುಗಳ ಕೆಳಗೆ ಟೊಳ್ಳು ಇರಬಹುದು. ಮರದ ನೆಲವಾದರೆ ಗೆದ್ದಲು ತಿಂದಿರಬಹುದು. ಆದ್ದರಿಂದ ಪ್ರತಿ ಸಾಲಿನ ಕಾಲುಗಳ ಕೆಳಗೆ ಉದ್ದನೆಯ ದಪ್ಪ ಹಲಗೆ, ಅದರ ಕೆಳಗೆ ಪ್ಲೈವುಡ್, ಅದರ ಕೆಳಗೆ ಗಾಳಿಯಾಡುವ ದಪ್ಪ ಬಟ್ಟೆ ಹಾಸಿಸಿ. ಪ್ಲಾಸ್ಟಿಕ್ ಶೀಟ್ ಬೇಡ. ಅದರ ಕೆಳಗೆ ತೇವ ನಿಂತು ಕಲ್ಲಿಗೆ ಕಲೆ ಹಿಡಿಯುತ್ತದೆ. ಸಮಾಧಿ ಕಲ್ಲಿನ ಮೇಲೆ ಕಾಲು ಬರುವಂತಿದ್ದರೆ, ಅದರ ಮೇಲೆ ತೊಲೆ ದಾಟಿಸಿ ಕಾಲುಗಳನ್ನು ಕಲ್ಲಿನ ಆಚೀಚೆ ನಿಲ್ಲಿಸಬೇಕು.

ಮೇಲೆ ಕೆರೆದ ಗಾರೆಯನ್ನು ಹಲಗೆಯ ಮೇಲೆ ಗುಡ್ಡೆ ಹಾಕಲು ಬಿಡಬೇಡಿ. ಒಂದಿಂಚು ದಪ್ಪದ ಗಾರೆ ಚದರ ಮೀಟರಿಗೆ 40 ಕೆ.ಜಿ. ಹತ್ತಿರ ತೂಗುತ್ತದೆ. ಒಂದು ಮೂಲೆಯಲ್ಲಿ ರಾಶಿಯಾದರೆ ಮೇಲಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ದಿನದ ಕಸ ಅಂದೇ ಚೀಲದಲ್ಲಿ ಕೆಳಗಿಳಿಯಬೇಕು.

ಆರಾಧನೆಯ ವಿಷಯ. ಮೇಲೆ ಸಂದಿಲ್ಲದಂತೆ ಹಲಗೆ, ಅದರ ಮೇಲೆ ಪ್ಲೈವುಡ್ ಹಾಸಿದ್ದರೆ ಉದುರುವ ಗಾರೆ ಅಲ್ಲೇ ನಿಲ್ಲುತ್ತದೆ. ಈಗಿನ ಸ್ಥಿತಿಗಿಂತ ಆಗಲೇ ಜನ ಹೆಚ್ಚು ಸುರಕ್ಷಿತ. ನಡುದಾರಿಯನ್ನು ತೊಲೆ ದಾಟಿಸಿ ಖಾಲಿ ಬಿಡಿಸಿ. ಎಲ್ಲ ಬಾಗಿಲುಗಳೂ ತೆರೆಯುವಂತಿರಲಿ. ಮಕ್ಕಳು ಹತ್ತದಂತೆ ಏಣಿಯ ಬುಡಕ್ಕೆ ಬೀಗ ಬೇಕು. ಪೈಪ್ ಆರ್ಗನ್ ಇದ್ದರೆ ಮೊದಲ ದಿನವೇ ಮುಚ್ಚಿಸಿ. ಸುಣ್ಣದ ಧೂಳು ಅದರೊಳಗೆ ಸೇರಿದರೆ ತೆಗೆಸುವುದು ಬಹಳ ಕಷ್ಟ. ಭಾನುವಾರ ಮೇಲೆ ಒಬ್ಬರೂ ಇರಬಾರದು, ಸುಮ್ನೆ ನೋಡಲು ಕೂಡ.

ಬೆಂಕಿಯ ಬಗ್ಗೆ ಗಟ್ಟಿಯಾಗಿ ಹೇಳಬೇಕು. ನಮ್ಮ ಎಂ.ಜಿ. ರಸ್ತೆಯ ಸೇಂಟ್ ಮಾರ್ಕ್ಸ್ ಕೆಥೆಡ್ರಲ್ 1923ರಲ್ಲಿ ಬೆಂಕಿಗೆ ಸಿಕ್ಕಿತ್ತು, ಮತ್ತೆ ಕಟ್ಟಿ ಮುಗಿಸಿದ್ದು 1927ರಲ್ಲಿ. ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚು 2019ರ ಏಪ್ರಿಲ್ 15ರಂದು ಉರಿದಾಗ ಅದರ ಶಿಖರದ ರಿಪೇರಿಗೆಂದು ಸಾರುವೆ ಕಟ್ಟಿದ್ದರು. ಶಾಖಕ್ಕೆ ಪೈಪುಗಳು ಒಂದಕ್ಕೊಂದು ಬೆಸೆದುಕೊಂಡವು. ಸುಮಾರು 40,000 ತುಂಡುಗಳ ಆ ಸಾರುವೆಯನ್ನು ಬಿಚ್ಚಲು 2020ರ ಜೂನ್‌ನಿಂದ ನವೆಂಬರ್‌ವರೆಗೆ ಹಿಡಿಯಿತು. ಹಾಗಾಗಿ ಒಳಗೆ ವೆಲ್ಡಿಂಗ್ ಇಲ್ಲ, ಬೀಡಿ ಸಿಗರೇಟು ಇಲ್ಲ, ಹ್ಯಾಲೊಜೆನ್ ದೀಪ ಇಲ್ಲ. ಎಲ್‌ಇಡಿ ಸಾಕು. ಸಂಜೆ ಕೆಲಸ ಮುಗಿದ ಕೂಡಲೇ ಮೇಲಿನ ಕರೆಂಟು ಪೂರ್ತಿ ಬಂದ್ ಆಗಬೇಕು. ಹಲಗೆಯ ಮೇಲೂ ಕೆಳಗೂ ಬೆಂಕಿ ಆರಿಸುವ ಸಿಲಿಂಡರ್ ಇರಲಿ.

ಪೈಪ್ ಸಾರುವೆಗೆ ದುಡ್ಡು ಜಾಸ್ತಿ, ಕಮಿಟಿಯಲ್ಲಿ ಇದೇ ಮಾತು ಏಳುತ್ತದೆ. ಆಗ ಒಂದು ವಿಷಯ ಹೇಳಿ. ಚಾವಣಿಯ ಹತ್ತಿರ ಇಷ್ಟು ಆರಾಮಾಗಿ ನಿಂತು ನೋಡುವ ಅವಕಾಶ ಮುಂದಿನ ಹಲವು ವರ್ಷ ಸಿಗುವುದಿಲ್ಲ. ತೇಗದ ತೊಲೆಗಳ ತುದಿ ಗೋಡೆಯೊಳಗೆ ಕೊಳೆತಿದೆಯಾ, ನೀರು ಎಲ್ಲಿಂದ ಸೋರುತ್ತಿದೆ, ಹಳೆಯ ವೈರು ಯಾವ ಸ್ಥಿತಿಯಲ್ಲಿದೆ, ಎಲ್ಲವನ್ನೂ ಆಗಲೇ ನೋಡಿ ಫೋಟೊ ತೆಗೆಸಿ. ಸೋರುವ ಜಾಗ ಸರಿಯಾಗದೆ ಹೊಸ ಗಾರೆ ಹಾಕಿದರೆ ಎರಡು ಮಳೆಗಾಲಕ್ಕೆ ಮತ್ತೆ ಉದುರುತ್ತದೆ. ಕಮಿಟಿಯವರೂ ಹೆಲ್ಮೆಟ್ ಹಾಕಿಕೊಂಡು ಒಮ್ಮೆ ಮೇಲೆ ಹತ್ತಲಿ. ಸಾರುವೆ ಬಿಚ್ಚಿದ ಮೇಲೆ ನೆನಪಾದ ಕೆಲಸಕ್ಕೆ ಮತ್ತೆ ಬಾಡಿಗೆ ಕಟ್ಟಬೇಕು.

ಗುತ್ತಿಗೆದಾರರಿಂದ ಮೊದಲು ಒಂದು ನಕ್ಷೆ ಕೇಳಿ. ನೆಲದ ಮೇಲೆ ಪ್ರತಿ ಕಾಲು ಎಲ್ಲಿ ಕೂರುತ್ತದೆ, ಗೋಡೆಗೆ ಎಲ್ಲೆಲ್ಲಿ ಆನುತ್ತದೆ, ಹಲಗೆ ಎಷ್ಟು ಭಾರ ತಡೆಯುತ್ತದೆ ಎಂದು ಅದರಲ್ಲಿ ಬರೆದು, ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಹಾಕಿರಬೇಕು. ಕೊಡಲು ಆಗುವುದಿಲ್ಲ ಎಂದರೆ ಬೇರೆಯವರನ್ನು ಹುಡುಕಿ. ನಕ್ಷೆ ಕೈಗೆ ಬಂದ ಮೇಲೆ ಕಾಲುಗಳ ಅಂತರ, ಚಾವಣಿಯ ಎತ್ತರ, ನೆಲ ಯಾವುದು ಎಂದು ಬರೆಯಿರಿ, ನೋಡಿ ಹೇಳುತ್ತೇನೆ.