13 ವರ್ಷದ ನಾಯಿಗೆ ಮರೆವು ಶುರುವಾಗಿದೆ, ಸಪ್ಲಿಮೆಂಟ್ ಕೊಟ್ಟರೆ ಉಪಯೋಗ ಇದೆಯಾ?

ನಿಮ್ಮ ನಾಯಿ ರಾತ್ರಿ ಎದ್ದು ಗೋಡೆ ನೋಡುತ್ತಾ ನಿಲ್ಲುತ್ತದೆ, ಸುಮ್ನೆ ಬೊಗಳುತ್ತದೆ, ಅಂಗಡಿಯವರು ಮೆದುಳಿಗೆ ಅಂತ ಒಂದು ಡಬ್ಬಿ ತೋರಿಸಿದರು, ಕೊಡಬಹುದಾ ಅಂತ ಕೇಳಿದ್ದೀರಿ. ಕೊಡಬಹುದು. ಆದರೆ ಅದು ಮೊದಲ ಕೆಲಸ ಅಲ್ಲ.

ನಮ್ಮ ಜೂಲಿ 14ನೇ ವಯಸ್ಸಿಗೆ ಅಡುಗೆಮನೆ ಬಾಗಿಲಿನ ಕೀಲಿನ ಕಡೆಗೆ ಮೂಗಿಟ್ಟು ನಿಲ್ಲತೊಡಗಿದಳು. ಬಾಗಿಲು ಯಾವ ಕಡೆ ತೆರೆಯುತ್ತದೆ ಅನ್ನುವುದೇ ಅವಳಿಗೆ ಮರೆತಿತ್ತು. ಜೊತೆಗೆ ರಾತ್ರಿಯೆಲ್ಲ ಓಡಾಟ. ನಾನು ಆನ್‌ಲೈನಿನಲ್ಲಿ ಮಾತ್ರೆ ತರಿಸಿ ಎರಡು ತಿಂಗಳು ನುಂಗಿಸಿದೆ. ಏನೂ ಬದಲಾಗಲಿಲ್ಲ. ಆಮೇಲೆ ಡಾಕ್ಟರ ಹತ್ತಿರ ಹೋದರೆ ಮೂತ್ರದ ಸೋಂಕು, ಹಿಂಗಾಲಿನಲ್ಲಿ ಸಂಧಿವಾತ! ಅವೆರಡಕ್ಕೂ ಔಷಧಿ ಬಿದ್ದ ಮೇಲೆ ರಾತ್ರಿ ಏಳುವುದು ಅರ್ಧಕ್ಕರ್ಧ ಇಳಿಯಿತು. ಬಾಗಿಲಿನ ಮೂಲೆ ಮಾತ್ರ ಹಾಗೇ ಉಳಿಯಿತು. ಮರೆವು ಅಂದರೆ ಅದು. ಹಾಗಾಗಿ ಮೊದಲು ರಕ್ತ, ಮೂತ್ರ, ಕಣ್ಣು, ಕಿವಿ, ಹಲ್ಲು ನೋಡಿಸಿ. ರಾತ್ರಿ ಏನು ಮಾಡುತ್ತದೆ ಅಂತ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಹೋಗಿ. ಕ್ಲಿನಿಕ್ಕಿನಲ್ಲಿ ಎಲ್ಲ ನಾಯಿಗಳೂ ಜಾಣರಂತೆ ಕೂತಿರುತ್ತವೆ.

ಈ ಕಾಯಿಲೆ ಅಪರೂಪದ್ದೇನಲ್ಲ. ಮನುಷ್ಯರ ಆಲ್ಝೈಮರ್‌ನಲ್ಲಿ ಮೆದುಳಿನಲ್ಲಿ ಕಟ್ಟಿಕೊಳ್ಳುವ ಬೀಟಾ ಅಮೈಲಾಯ್ಡ್ ಅನ್ನುವ ಪ್ರೋಟೀನ್ ಮುದಿ ನಾಯಿಗಳಲ್ಲೂ ಕಟ್ಟಿಕೊಳ್ಳುತ್ತದೆ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು 2001ರಲ್ಲಿ ಕೊಟ್ಟ ಲೆಕ್ಕದಂತೆ, 11–12 ವರ್ಷದ ನಾಯಿಗಳಲ್ಲಿ ಶೇ 28ರಷ್ಟಕ್ಕೆ, 15–16 ವರ್ಷದವುಗಳಲ್ಲಿ ಶೇ 68ರಷ್ಟಕ್ಕೆ ಒಂದಾದರೂ ಲಕ್ಷಣ ಇತ್ತು.

ಇನ್ನು ಡಬ್ಬಿಗಳ ವಿಷಯ. ನನಗೆ ಸ್ವಲ್ಪ ನಂಬಿಕೆ ಹುಟ್ಟಿಸಿದ್ದು ಎಂಸಿಟಿ ಅನ್ನುವ ಕೊಬ್ಬು. ವಯಸ್ಸಾದ ಮೆದುಳಿಗೆ ಗ್ಲೂಕೋಸನ್ನು ಮೊದಲಿನಷ್ಟು ಚೆನ್ನಾಗಿ ಬಳಸಿಕೊಳ್ಳಲು ಆಗುವುದಿಲ್ಲ. ಈ ಕೊಬ್ಬು ಲಿವರಿನಲ್ಲಿ ಕೀಟೋನ್ ಆಗಿ, ಮೆದುಳಿಗೆ ಬೇರೆ ದಾರಿಯಿಂದ ಶಕ್ತಿ ಕೊಡುತ್ತದೆ. 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬೀಗಲ್ ತಳಿಯ ಮುದಿ ನಾಯಿಗಳಿಗೆ ಶೇ 5.5ರಷ್ಟು ಎಂಸಿಟಿ ಬೆರೆಸಿದ ಆಹಾರವನ್ನು ಎಂಟು ತಿಂಗಳು ಕೊಟ್ಟರು. ಕಲಿಕೆಯ ಪರೀಕ್ಷೆಗಳಲ್ಲಿ ಅವು ಉಳಿದವುಗಳಿಗಿಂತ ಚೆನ್ನಾಗಿ ಮಾಡಿದವು. ಪ್ರಯೋಗ ಮಾಡಿದವರು ಅಂಥ ಆಹಾರ ಮಾರುವ ಪ್ಯೂರಿನಾ ಕಂಪನಿಯ ವಿಜ್ಞಾನಿಗಳೇ, ಅದೂ ತಲೆಯಲ್ಲಿರಲಿ.

ಇದನ್ನು ಮನೆಯಲ್ಲಿ ಹೇಳಿದ ತಕ್ಷಣ ನಮ್ಮತ್ತೆ, "ಅದು ತೆಂಗಿನೆಣ್ಣೆ ಅಲ್ವಾ? ಡಬ್ಬ ತುಂಬ ಇದೆ" ಅಂದರು. ಪೂರ್ತಿ ತಪ್ಪೂ ಅಲ್ಲ. ಆದರೆ ತೆಂಗಿನೆಣ್ಣೆಯಲ್ಲಿ ಹೆಚ್ಚುಕಮ್ಮಿ ಅರ್ಧ ಲಾರಿಕ್ ಆಮ್ಲ. ಚೆನ್ನಾಗಿ ಕೀಟೋನ್ ಆಗುವ ಕ್ಯಾಪ್ರಿಲಿಕ್, ಕ್ಯಾಪ್ರಿಕ್ ಆಮ್ಲಗಳು ಎರಡೂ ಸೇರಿ ಶೇ 15ರ ಆಸುಪಾಸು ಅಷ್ಟೇ. ಅನ್ನಕ್ಕೆ ಚಮಚಗಟ್ಟಲೆ ಎಣ್ಣೆ ಸುರಿದರೆ ಭೇದಿ ಗ್ಯಾರಂಟಿ, ಕೆಲವಕ್ಕೆ ಮೇದೋಜೀರಕ ಗ್ರಂಥಿಯೇ ಊದಿಕೊಳ್ಳಬಹುದು. ನಾವು ಎರಡನೇ ದಿನಕ್ಕೇ ಪಾಠ ಕಲಿತೆವು, ನೆಲ ಒರೆಸಿದ್ದು ನಾನು.

ನಿಮಗಾಗಿ ತಂದಿಟ್ಟುಕೊಂಡ ಮಾತ್ರೆಗಳನ್ನಂತೂ ಕೊಡಬೇಡಿ. ಚೀಪುವ ಗಮ್ಮಿಗಳಲ್ಲಿ ಸಕ್ಕರೆ ಬದಲು ಹಾಕುವ ಝೈಲಿಟಾಲ್ ಇದ್ದರೆ ನಾಯಿಗೆ ಅದು ವಿಷ. ಡಾಕ್ಟರು ಸೆಲೆಜಿಲಿನ್ ಬರೆದರೆ ಅದು ಸಪ್ಲಿಮೆಂಟ್ ಅಲ್ಲ, ಔಷಧಿ. ನಾಯಿಗಳ ಇದೇ ತೊಂದರೆಗೆ ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಸಿಕ್ಕಿದೆ. ಟ್ರಮಡಾಲ್‌ನಂಥ ನೋವಿನ ಮಾತ್ರೆ ನಡೆಯುತ್ತಿದ್ದರೆ ಮರೆಯದೆ ಹೇಳಿ, ಎರಡನ್ನೂ ಜೊತೆಗೆ ಕೊಡುವುದು ಅಪಾಯ.

ಇನ್ನೊಂದು ಪ್ರಯೋಗ ನನಗೆ ತುಂಬಾ ಹಿಡಿಸಿತು. ಟೊರಾಂಟೊದ ಸಂಶೋಧಕ ನಾರ್ಟನ್ ಮಿಲ್ಗ್ರಾಂ ಅವರ ತಂಡ ಮುದಿ ಬೀಗಲ್‌ಗಳನ್ನು ಎರಡು ವರ್ಷಕ್ಕೂ ಜಾಸ್ತಿ ಗಮನಿಸಿತು. ಕೆಲವಕ್ಕೆ ಆಂಟಿಆಕ್ಸಿಡೆಂಟ್ ತುಂಬಿದ ಆಹಾರ, ಕೆಲವಕ್ಕೆ ಆಟಿಕೆ, ನಡಿಗೆ, ಜೊತೆಗೊಂದು ನಾಯಿ. ಎರಡೂ ಸಿಕ್ಕವೇ ಎಲ್ಲಕ್ಕಿಂತ ಚೆನ್ನಾಗಿದ್ದವು. ಅದಕ್ಕೇ ನಾವು ಎಂಸಿಟಿ ಇರುವ ಆಹಾರವನ್ನು ಡಾಕ್ಟರನ್ನು ಕೇಳಿ ನಿಧಾನವಾಗಿ ಬದಲಿಸಿದೆವು. ಜೊತೆಗೆ ಸಂಜೆ ಒಂದು ಸುತ್ತು ನಡಿಗೆ, ತಿಂಡಿ ಬಚ್ಚಿಟ್ಟು ಮೂಸಿ ಹುಡುಕಿಸುವ ಆಟ, ರಾತ್ರಿ ಸಣ್ಣ ದೀಪ. ಒಂದೂವರೆ ತಿಂಗಳಿಗೆ ಜೂಲಿ ಮತ್ತೆ ಗೇಟಿನ ಸದ್ದಿಗೆ ಬಾಲ ಅಲ್ಲಾಡಿಸಿದಳು. ಆಹಾರದ್ದೋ ಆಟದ್ದೋ, ಯಾರಿಗೆ ಗೊತ್ತು.

ಕೀಲಿನ ಮೂಲೆ ಮಾತ್ರ ಅವಳಿಗೆ ಕೊನೆವರೆಗೂ ಬಗೆಹರಿಯಲಿಲ್ಲ. ಬಡಗಿಯನ್ನು ಕರೆಸಿ ಬಾಗಿಲನ್ನೇ ಕಳಚಿಸಿದೆವು. ಒಂದು ವರ್ಷ ನಮ್ಮ ಅಡುಗೆಮನೆಗೆ ಬಾಗಿಲೇ ಇರಲಿಲ್ಲ.