ಇಬ್ಬರು ರಿವ್ಯೂವರ್‌ಗಳು, ಒಂದು ತೀರ್ಮಾನ

ಓದುಗರ ಪತ್ರ: ನನ್ನ ಮಗಳು ಸಸ್ಯಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಜರ್ನಲ್‌ಗೆ ಕಳಿಸಿದ್ದ ಅವಳ ಪೇಪರ್ ಐದು ತಿಂಗಳ ಮೇಲೆ ವಾಪಸ್ ಬಂತು. ಅದನ್ನು ಓದಿ ಅಭಿಪ್ರಾಯ ಹೇಳುವ ತಜ್ಞರಲ್ಲಿ, ಅಂದರೆ ರಿವ್ಯೂವರ್‌ಗಳಲ್ಲಿ, ಒಬ್ಬರು ಹೊಗಳಿದ್ದಾರೆ, ಇನ್ನೊಬ್ಬರು ತೆಗಳಿದ್ದಾರೆ. ಅಲ್ಲಿಗೆ ಸಮ ಆಯಿತಲ್ಲ? ಆದರೂ ಜರ್ನಲ್‌ನ ಸಂಪಾದಕರು ‘ರಿಜೆಕ್ಟ್’ ಮಾಡಿದ್ದಾರೆ. ಇದ್ಯಾವ ನ್ಯಾಯ? ಇಂಥ ಪದ್ಧತಿಯಲ್ಲಿ ಪಾಸಾದದ್ದನ್ನು ನಾವು ಏಕೆ ನಂಬಬೇಕು? ಎರಡೂ ವರದಿಗಳನ್ನು ಜೊತೆಗಿಟ್ಟಿದ್ದೇನೆ. ಅವಳು ಮೇಲ್ಮನವಿ ಹಾಕಬಹುದಾ?

ಸಂಪಾದಕರ ಉತ್ತರ: ವರದಿಗಳನ್ನು ಓದಿದೆ. ಮಗಳ ಬೇಸರವೂ ನಿಮ್ಮ ಸಿಟ್ಟೂ ಅರ್ಥವಾಗುತ್ತದೆ. ಆದರೆ ರಿವ್ಯೂವರ್‌ಗಳು ಹಾಕುವುದು ಓಟಲ್ಲ, ಎಣಿಸಿ ಗೆಲ್ಲಿಸುವುದಕ್ಕೆ. ಅವರು ಸಲಹೆ ಕೊಡುತ್ತಾರೆ, ತೀರ್ಮಾನ ಜರ್ನಲ್ ಸಂಪಾದಕರದ್ದು.

ಮೊದಲ ವರದಿ ನಾಲ್ಕೇ ಸಾಲು. ‘ಮುಖ್ಯವಾದ ವಿಷಯ, ಬರವಣಿಗೆ ಚೆನ್ನಾಗಿದೆ, ಪ್ರಕಟಿಸಬಹುದು.’ ಓದಲು ಹಿತ, ಆದರೆ ಇದರಿಂದ ಸಂಪಾದಕರಿಗೆ ಏನೂ ಗೊತ್ತಾಗುವುದಿಲ್ಲ. ಪೇಪರನ್ನು ಪೂರ್ತಿ ಓದಿದ್ದಾರೋ ಇಲ್ಲವೋ ಅನ್ನುವುದೂ ತಿಳಿಯುವುದಿಲ್ಲ. ಎರಡನೆಯದು ಎರಡು ಪುಟ. ಚಿತ್ರ 3ರಲ್ಲಿ ಹೋಲಿಸಿ ನೋಡಲು ಬೇಕಾದ, ನೀರು ಕೊಟ್ಟ ಕಂಟ್ರೋಲ್ ಗಿಡಗಳೇ ಇಲ್ಲ, ಒಂದೊಂದು ಗುಂಪಿನಲ್ಲಿ ಬರೀ ಆರು ಗಿಡ, ಇಷ್ಟರಿಂದ ತಳಿ ಬರ ತಾಳುತ್ತದೆ ಎನ್ನಲಾಗದು ಎಂದಿದ್ದಾರೆ. ಧಾಟಿ ಒರಟು, ನಿಜ. ಆದರೆ ಒಂದೊಂದು ಮಾತಿಗೂ ಆಧಾರವಿದೆ. ಆ ಕುರ್ಚಿಯಲ್ಲಿ ನಾನಿದ್ದರೂ ಎರಡನೆಯದಕ್ಕೇ ಜಾಸ್ತಿ ಬೆಲೆ ಕೊಡುತ್ತಿದ್ದೆ.

ಹಾಗಂತ ಬೈದವರೇ ಸರಿ ಎಂದಲ್ಲ. ‘ನನ್ನ ಐದು ಪೇಪರುಗಳನ್ನು ಉಲ್ಲೇಖಿಸಿ’ ಎನ್ನುವ ರಿವ್ಯೂವರ್‌ಗಳಿದ್ದಾರೆ. ಇನ್ನೊಂದು ಪಿಎಚ್.ಡಿ.ಗೆ ಆಗುವಷ್ಟು ಪ್ರಯೋಗ ಕೇಳುವವರಿದ್ದಾರೆ. ‘ರಿವ್ಯೂವರ್ ಕೇಳಿದ ಇದನ್ನು ಬಿಟ್ಟುಬಿಡಿ’ ಎಂದು ಲೇಖಕರಿಗೆ ಹೇಳುವ ಹಕ್ಕು ಸಂಪಾದಕರಿಗಿದೆ. ಎಷ್ಟೋ ಸಂಪಾದಕರು ಆ ಧೈರ್ಯ ಮಾಡುವುದಿಲ್ಲ. ವರದಿಗಳನ್ನು ಸುಮ್ನೆ ಮುಂದಕ್ಕೆ ತಳ್ಳುತ್ತಾರೆ. ಈ ಪದ್ಧತಿಯ ಮೇಲೆ ನನಗಿರುವ ದೊಡ್ಡ ದೂರು ಇದೇ. ರಿವ್ಯೂವರ್‌ಗಳು ಸಂಪಾದಕರಿಗೆ ಮಾತ್ರ ಕಾಣುವ ಹಾಗೆ ಗುಟ್ಟಾಗಿ ಎರಡು ಮಾತು ಬರೆಯುವ ಜಾಗವೂ ಹಲವು ಜರ್ನಲ್‌ಗಳಲ್ಲಿದೆ. ಅಲ್ಲೇನಿತ್ತೋ, ಅದು ನಿಮ್ಮ ಕೈಗೆ ಬರುವುದಿಲ್ಲ.

ಐದು ತಿಂಗಳು ಏಕೆ? ಅದರಲ್ಲಿ ದೊಡ್ಡ ಪಾಲು ರಿವ್ಯೂವರ್‌ಗಳನ್ನು ಹುಡುಕುವುದಕ್ಕೇ ಹೋಗಿರುತ್ತದೆ. ಈ ಕೆಲಸಕ್ಕೆ ಸಾಮಾನ್ಯವಾಗಿ ಸಂಬಳವಿಲ್ಲ, ಹೆಸರೂ ಬರುವುದಿಲ್ಲ. ಕರೆದವರೆಲ್ಲ ಒಪ್ಪುವುದಿಲ್ಲ, ಒಪ್ಪಿದವರೆಲ್ಲ ಹೊತ್ತಿಗೆ ಸರಿಯಾಗಿ ಕೊಡುವುದಿಲ್ಲ. ರಿವ್ಯೂವರ್ ತನಕ ಹೋಗದೆ ಸಂಪಾದಕರ ಮೇಜಿನಿಂದಲೇ ವಾಪಸಾಗುವ ಪೇಪರುಗಳೂ ಬೇಕಾದಷ್ಟು. 1937ರಲ್ಲಿ ಜೀವರಸಾಯನ ವಿಜ್ಞಾನಿ ಹಾನ್ಸ್ ಕ್ರೆಬ್ಸ್ ತಮ್ಮ ಸಿಟ್ರಿಕ್ ಆಮ್ಲ ಚಕ್ರದ (ಜೀವಕೋಶಗಳು ಆಹಾರದಿಂದ ಶಕ್ತಿ ಪಡೆಯುವ ಬಗೆ) ಬರಹವನ್ನು ‘ನೇಚರ್’ ಜರ್ನಲ್‌ಗೆ ಕಳಿಸಿದರು. ಕೈಯಲ್ಲಿ ಈಗಾಗಲೇ ಏಳೆಂಟು ವಾರ ಅಚ್ಚು ಹಾಕಲು ಆಗುವಷ್ಟು ಪತ್ರಗಳಿವೆ ಎಂದು ಅಲ್ಲಿಂದ ವಾಪಸ್ ಬಂತು. ಅದೇ ಕೆಲಸಕ್ಕೆ 1953ರಲ್ಲಿ ನೊಬೆಲ್ ಬಂತು.

ರಿವ್ಯೂವರ್ ಮೇಲೆ ಸಿಟ್ಟು ಮಾಡಿಕೊಂಡವರಲ್ಲಿ ಐನ್‌ಸ್ಟೈನ್ ಕೂಡ ಒಬ್ಬರು. 1936ರಲ್ಲಿ ಅವರು ನೇಥನ್ ರೋಸೆನ್ ಜೊತೆ ಸೇರಿ ‘ಫಿಸಿಕಲ್ ರಿವ್ಯೂ’ಗೆ ಒಂದು ಪೇಪರ್ ಕಳಿಸಿದರು. ಗುರುತ್ವದ ಅಲೆಗಳು ಇಲ್ಲವೇ ಇಲ್ಲ ಅನ್ನುವುದು ಅದರ ವಾದ. ಸಂಪಾದಕ ಜಾನ್ ಟೇಟ್ ಅದನ್ನು ಇನ್ನೊಬ್ಬ ತಜ್ಞರಿಗೆ ತೋರಿಸಿದರು. ತಪ್ಪುಗಳನ್ನು ಎತ್ತಿ ತೋರಿಸಿದ ಉದ್ದನೆಯ ವರದಿ ಬಂತು. ಅಚ್ಚಾಗುವ ಮುಂಚೆ ಬೇರೆಯವರಿಗೆ ತೋರಿಸಲು ನಾವು ಒಪ್ಪಿಗೆ ಕೊಟ್ಟಿರಲಿಲ್ಲ ಎಂದು ಐನ್‌ಸ್ಟೈನ್ ಪೇಪರನ್ನೇ ವಾಪಸ್ ತೆಗೆದುಕೊಂಡರು. ಆ ರಿವ್ಯೂವರ್ ಹೊವಾರ್ಡ್ ರಾಬರ್ಟ್‌ಸನ್ ಎಂದು ಎಷ್ಟೋ ಕಾಲದ ಮೇಲೆ ಹೊರಬಿತ್ತು. ಅವರೇ ಆಮೇಲೆ ಐನ್‌ಸ್ಟೈನ್‌ರ ಸಹಾಯಕ ಇನ್‌ಫೆಲ್ಡ್ ಜೊತೆ ಕೂತು ತಪ್ಪನ್ನು ಬಿಡಿಸಿ ಹೇಳಿದ್ದರು. ಪೇಪರ್ ಬೇರೊಂದು ಜರ್ನಲ್‌ನಲ್ಲಿ ಬರುವಾಗ ಅದರ ತೀರ್ಮಾನ ಬದಲಾಗಿತ್ತು. 2015ರಲ್ಲಿ ಆ ಅಲೆಗಳು ಲೈಗೋ ಉಪಕರಣಕ್ಕೆ ಸಿಕ್ಕೇಬಿಟ್ಟವು!

ಇನ್ನು ನಂಬಿಕೆಯ ಮಾತು. ಪೀರ್ ರಿವ್ಯೂ, ಅಂದರೆ ಈ ತಜ್ಞರ ಪರಿಶೀಲನೆ, ಆಗಿದೆ ಅಂದ ಮಾತ್ರಕ್ಕೆ ಪೂರ್ತಿ ನಂಬಬೇಕಿಲ್ಲ. ರಿವ್ಯೂವರ್ ಸಾಮಾನ್ಯವಾಗಿ ಪ್ರಯೋಗವನ್ನು ಮತ್ತೆ ಮಾಡಿ ನೋಡುವುದಿಲ್ಲ. ಕೊಟ್ಟ ಅಂಕಿಗಳು ನಿಜ ಎಂದುಕೊಂಡೇ ಓದುತ್ತಾರೆ. ‘ಬಿಎಂಜೆ’ ಎಂಬ ಬ್ರಿಟಿಷ್ ವೈದ್ಯಕೀಯ ಜರ್ನಲ್‌ನವರು ಒಮ್ಮೆ ಒಂದು ಪೇಪರಿನಲ್ಲಿ ಬೇಕೆಂದೇ ಎಂಟು ದೋಷ ಸೇರಿಸಿ ನೂರಾರು ರಿವ್ಯೂವರ್‌ಗಳಿಗೆ ಕಳಿಸಿದ್ದರು. ಸರಾಸರಿ ಸಿಕ್ಕಿದ್ದು ಎರಡು. ಆ ಅಧ್ಯಯನ ಪ್ರಕಟವಾದದ್ದು 1998ರಲ್ಲಿ. ಎಂಎಂಆರ್ ಲಸಿಕೆಯನ್ನು (ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಲಸಿಕೆ) ಆಟಿಸಂಗೆ ತಳಕು ಹಾಕಿದ ಪೇಪರ್ ವೈದ್ಯಕೀಯ ಜರ್ನಲ್ ‘ಲ್ಯಾನ್ಸೆಟ್’ನಲ್ಲಿ ಬಂದದ್ದೂ ಅದೇ ವರ್ಷ. ಅದನ್ನು ಪೂರ್ತಿ ಹಿಂತೆಗೆದುಕೊಂಡದ್ದು 2010ರಲ್ಲಿ. ಅಷ್ಟರಲ್ಲಿ ಆಗಬೇಕಾದ ಅನಾಹುತ ಆಗಿತ್ತು. ಹಾಗಾಗಿ ಒಂದೇ ಪೇಪರ್ ನೋಡಿ ಏನನ್ನೂ ತೀರ್ಮಾನಿಸಬೇಡಿ. ಬೇರೆಯವರು ಮಾಡಿದಾಗಲೂ ಅದೇ ಫಲ ಬಂತಾ ನೋಡಿ.

ಮಗಳು ಮೇಲ್ಮನವಿ ಹಾಕಬಹುದಾ ಎಂದು ಪತ್ರದ ಕೊನೆಗೆ ಕೇಳಿದ್ದೀರಿ. ಹಾಕಬಹುದು. ರಿವ್ಯೂವರ್ ಓದುವಾಗಲೇ ತಪ್ಪಿದ್ದರೆ, ಇದ್ದದ್ದನ್ನು ಇಲ್ಲ ಎಂದಿದ್ದರೆ, ಅದಕ್ಕೆ ಬೆಲೆಯಿದೆ. ‘ಒಬ್ಬರು ಹೊಗಳಿದ್ದಾರಲ್ಲ’ ಅನ್ನುವುದು ನಿಲ್ಲುವುದಿಲ್ಲ. ಇಲ್ಲಿ ಕಂಟ್ರೋಲ್ ಗಿಡಗಳು ನಿಜಕ್ಕೂ ಇಲ್ಲ, ಅಲ್ವಾ? ಬೇರೆ ಜರ್ನಲ್‌ಗೆ ಕಳಿಸುವ ಮುಂಚೆ ಆ ಪ್ರಯೋಗ ಮಾಡಿ ಮುಗಿಸಲಿ. ಅವಳ ವಿಷಯದಲ್ಲಿ ಕೆಲಸ ಮಾಡುವವರು ಕಡಿಮೆ. ಪೇಪರ್ ತಿರುಗಿ ಅದೇ ಎರಡನೇ ರಿವ್ಯೂವರ್ ಕೈಗೆ ಹೋದರೂ ಹೋಗಬಹುದು. ಚಿತ್ರ 3 ಹಾಗೇ ಇದ್ದರೆ ಅವರು ಹೊಸ ವರದಿ ಬರೆಯುವ ಕಷ್ಟವನ್ನೂ ತೆಗೆದುಕೊಳ್ಳುವುದಿಲ್ಲ, ಹಳೆಯದನ್ನೇ ಕಳಿಸುತ್ತಾರೆ.